ಶಾಲಾ ಚೆಸ್ ಲೀಗ್: ಆರು ಶಾಲೆ, ಐದು ಶನಿವಾರ

ನಮ್ಮ ಶಾಲೆಗಳಲ್ಲಿ ಚೆಸ್ ಎಂದರೆ ಬಹುತೇಕ ಒಂದೇ ಮಗುವಿನ ಆಟ. ಚೆನ್ನಾಗಿ ಆಡುವ ಹುಡುಗನನ್ನೋ ಹುಡುಗಿಯನ್ನೋ ದೈಹಿಕ ಶಿಕ್ಷಕರು ತಾಲ್ಲೂಕು ಮಟ್ಟಕ್ಕೆ ಕರೆದೊಯ್ಯುತ್ತಾರೆ. ಗೆದ್ದರೆ ಪ್ರಾರ್ಥನೆ ಹೊತ್ತಿನಲ್ಲಿ ಚಪ್ಪಾಳೆ, ಸೋತರೆ ಮುಂದಿನ ವರ್ಷ ನೋಡೋಣ ಎಂಬ ಮಾತು. ಕ್ಲಬ್ಬಿನ ಮಿಕ್ಕ ಹತ್ತು ಮಕ್ಕಳು ವರ್ಷವಿಡೀ ತಮ್ಮತಮ್ಮಲ್ಲೇ ಆಡಿಕೊಂಡು ಬೇಸತ್ತು ಬಿಟ್ಟುಬಿಡುತ್ತಾರೆ. ಅವರಿಗೂ ಬೋರ್ಡಿನ ಮುಂದೆ ಕೂರುವ ಕಾರಣ ಬೇಕಿದ್ದರೆ ತಂಡಗಳ ಲೀಗ್ ನಡೆಸಬೇಕು. ಅಕ್ಕಪಕ್ಕದ ಆರು ಶಾಲೆಗಳು ಒಪ್ಪಿದರೆ ಸಾಕು, ದೊಡ್ಡ ಖರ್ಚೇನೂ ಇಲ್ಲ.

ಮೊದಲು ಕ್ಯಾಲೆಂಡರ್

ಆರು ತಂಡಗಳು ಪರಸ್ಪರ ಒಮ್ಮೊಮ್ಮೆ ಆಡಲು ಐದು ಸುತ್ತು ಬೇಕು. ಶನಿವಾರ ಅರ್ಧ ದಿನದ ಶಾಲೆ ಇರುವ ಕಡೆ ಮಧ್ಯಾಹ್ನದ ಹೊತ್ತೇ ಇದಕ್ಕೆ ಸರಿ. ಎರಡು ವಾರಕ್ಕೊಂದು ಸುತ್ತಿನಂತೆ ಜುಲೈ ನಡುವಿನಲ್ಲಿ ಶುರು ಮಾಡಿದರೆ ಸೆಪ್ಟೆಂಬರ್ ಪರೀಕ್ಷೆಗೆ ಮೊದಲೇ ಮುಗಿಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಜುಲೈ ಎಂದರೆ ಮಳೆ ರಜೆಯ ತಿಂಗಳು. ಅಲ್ಲಿ ದಸರಾ ರಜೆ ಕಳೆದ ಮೇಲೆ ಆರಂಭಿಸುವುದು ಒಳ್ಳೆಯದು. ಯಾವ ಊರಾದರೂ ಜನವರಿಗೆ ಮುಂದೂಡಬೇಡಿ. ಆಗ ಹತ್ತನೇ ತರಗತಿ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಗೆ ಕೂರುತ್ತಾರೆ, ತಂಡದ ಅರ್ಧ ಬಲ ಹೋಗಿಬಿಡುತ್ತದೆ.

ಪ್ರತಿ ಸುತ್ತು ಒಂದೊಂದು ಶಾಲೆಯಲ್ಲಿ ನಡೆಯಲಿ. ಆರನೆಯ ಶಾಲೆಗೆ ಬಹುಮಾನ ವಿತರಣೆ. ಹೀಗೆ ಹಂಚಿದರೆ ಯಾರಿಗೂ ಹೊರೆಯಾಗದು. ತಂಡಗಳಿಗೆ ಚೀಟಿ ಎತ್ತಿ 1 ರಿಂದ 6ರವರೆಗೆ ಸಂಖ್ಯೆ ಕೊಡಿ. ಯಾರು ಯಾರೊಡನೆ ಆಡಬೇಕೆಂದು ಜಗಳವಾಗದಂತೆ ಚೆಸ್ ಜಗತ್ತು ಬಹುಕಾಲದಿಂದ ಬಳಸುತ್ತಿರುವ ಬರ್ಗರ್ ಪಟ್ಟಿ ಇದೆ, ಕತ್ತರಿಸಿ ಇಟ್ಟುಕೊಳ್ಳಿ:

ಸುತ್ತು 1: 1–6, 2–5, 3–4
ಸುತ್ತು 2: 6–4, 5–3, 1–2
ಸುತ್ತು 3: 2–6, 3–1, 4–5
ಸುತ್ತು 4: 6–5, 1–4, 2–3
ಸುತ್ತು 5: 3–6, 4–2, 5–1

ಮೊದಲು ಬರೆದಿರುವ ತಂಡಕ್ಕೆ 1 ಮತ್ತು 3ನೇ ಬೋರ್ಡಿನಲ್ಲಿ ಬಿಳಿ ಕಾಯಿ, 2 ಮತ್ತು 4ರಲ್ಲಿ ಕಪ್ಪು.

ಸಾಮಾನು

ಒಂದು ಸುತ್ತಿಗೆ ಮೂರು ಪಂದ್ಯ, ಪಂದ್ಯಕ್ಕೆ ನಾಲ್ಕು ಬೋರ್ಡು, ಒಟ್ಟು ಹನ್ನೆರಡು. ಪ್ರತಿ ಶಾಲೆ ಎರಡು ಸೆಟ್, ಎರಡು ಗಡಿಯಾರ ತಂದರೆ ಲೆಕ್ಕ ಸರಿಹೋಯಿತು. ಸುತ್ತಿ ಇಡಬಹುದಾದ ರೆಕ್ಸಿನ್ ಬೋರ್ಡು, ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಎತ್ತರದ ರಾಜ ಇರುವ ಪ್ಲಾಸ್ಟಿಕ್ ಕಾಯಿಗಳು ಸಾಕು. ಆಯಸ್ಕಾಂತದ ಪುಟ್ಟ ಸೆಟ್ಟುಗಳನ್ನು ಬಸ್ಸಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ. ಗಡಿಯಾರ ಮಾತ್ರ ಪ್ರತಿ ನಡೆಗೆ ಸೆಕೆಂಡು ಸೇರಿಸುವ ಡಿಜಿಟಲ್ ಆಗಿರಲಿ. ತಲಾ 30 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಎಂದಿಟ್ಟುಕೊಂಡರೆ ಅರವತ್ತು ನಡೆಯ ಆಟವೂ 80 ನಿಮಿಷದೊಳಗೆ ಮುಗಿಯುತ್ತದೆ. ಮಕ್ಕಳು ಬೆಳಕಿರುವಾಗಲೇ ಬಸ್ ಹತ್ತಬಹುದು.

ತಂಡ ಕಟ್ಟುವ ಬಗೆ

ಲೀಗಿನ ಗೆಲುವು ಸೋಲು ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ಕ್ಲಬ್ಬಿನ ಎಂಟು ಮಕ್ಕಳು ಜೂನ್ ತಿಂಗಳಲ್ಲಿ ಎಲ್ಲರೊಡನೆ ಎಲ್ಲರೂ ಆಡಲಿ. ಬಂದ ಅಂಕದ ಮೇಲೆ ಆರು ಮಂದಿಯನ್ನು ಆರಿಸಿ: ನಾಲ್ಕು ಆಟಗಾರರು, ಇಬ್ಬರು ಮೀಸಲು. ನಾಲ್ವರನ್ನಷ್ಟೇ ನಂಬಿಕೊಂಡ ತಂಡಕ್ಕೆ ಒಂದು ಜ್ವರ ಬಂದರೂ ಕಷ್ಟ. ಆಡುವ ನಾಲ್ವರಲ್ಲಿ ಒಬ್ಬ ಹುಡುಗಿಯಾದರೂ ಇರಬೇಕೆಂಬ ನಿಯಮವನ್ನು ಆರೂ ಶಾಲೆಗಳು ಒಪ್ಪಿಕೊಂಡರೆ ಉತ್ತಮ. ನಿಯಮವಿಲ್ಲದಿದ್ದರೆ ಹುಡುಗಿಯರ ಹೆಸರು ಯಾವಾಗಲೂ ಮೀಸಲು ಪಟ್ಟಿಯಲ್ಲೇ ಉಳಿಯುತ್ತದೆ.

ಆಟಗಾರರ ಬಲಕ್ಕೆ ತಕ್ಕಂತೆ ಬೋರ್ಡಿನ ಕ್ರಮವನ್ನು ಮೊದಲ ಸುತ್ತಿಗೆ ಮುಂಚೆ ಬರೆದುಕೊಡಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಎರಡನೇ ಬೋರ್ಡಿನವಳು ಬರಲಿಲ್ಲವೆಂದರೆ ಮೂರರವನು ಎರಡಕ್ಕೆ, ನಾಲ್ಕರವನು ಮೂರಕ್ಕೆ ಏರುತ್ತಾನೆ, ಮೀಸಲು ಆಟಗಾರ ನಾಲ್ಕಕ್ಕೆ ಬರುತ್ತಾನೆ. ಒಲಿಂಪಿಯಾಡ್‌ನಲ್ಲೂ ಇದೇ ಪದ್ಧತಿ. ದುರ್ಬಲ ಆಟಗಾರನನ್ನು ಒಂದನೇ ಬೋರ್ಡಿನಲ್ಲಿ ‘ಬಲಿ’ ಕೊಟ್ಟು ಮಿಕ್ಕ ಮೂರನ್ನು ಗೆಲ್ಲುವ ಜಾಣತನ ಕೆಲವು ಮೇಷ್ಟ್ರಿಗೆ ಇಷ್ಟ. ಅದರಿಂದ ಪಾಯಿಂಟ್ ಸಿಗಬಹುದು. ಆದರೆ ಪ್ರತಿ ಸುತ್ತಿನಲ್ಲೂ ಸೋಲಲೆಂದೇ ಕೂರುವ ಆ ಮಗು ಮುಂದಿನ ವರ್ಷ ಕ್ಲಬ್ಬಿಗೆ ಬರುವುದಿಲ್ಲ.

ಬಲದ ಕ್ರಮವೆಂದ ಮಾತ್ರಕ್ಕೆ ಕೂದಲು ಸೀಳುವಷ್ಟು ಲೆಕ್ಕ ಬೇಡ. 2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಎರಡೂ ವಿಭಾಗದ ಚಿನ್ನ ಗೆದ್ದದ್ದು ನೆನಪಿರಬಹುದು. ರೇಟಿಂಗ್‌ನಲ್ಲಿ ತಂಡದ ಎಲ್ಲರಿಗಿಂತ ಮುಂದಿದ್ದ ಅರ್ಜುನ್ ಎರಿಗೈಸಿ ಅಲ್ಲಿ ಆಡಿದ್ದು ಮೂರನೇ ಬೋರ್ಡಿನಲ್ಲಿ; 11 ಆಟಗಳಲ್ಲಿ 10 ಪಾಯಿಂಟ್ ಗಳಿಸಿದರು. ಒಂದನೇ ಬೋರ್ಡಿನ ಗುಕೇಶ್ 10ರಲ್ಲಿ 9. ಮಹಿಳಾ ತಂಡದಲ್ಲಿ ವೈಯಕ್ತಿಕ ಚಿನ್ನ ಬಂದದ್ದು ಮೂರನೇ ಬೋರ್ಡಿನ ದಿವ್ಯಾ ದೇಶಮುಖ್ ಮತ್ತು ನಾಲ್ಕನೇ ಬೋರ್ಡಿನ ವಂತಿಕಾ ಅಗರವಾಲ್ ಅವರಿಗೆ. ‘ನನ್ನನ್ನು ಯಾಕೆ ನಾಲ್ಕಕ್ಕೆ ಹಾಕಿದಿರಿ ಸಾರ್’ ಎಂದು ಮುಖ ಊದಿಸಿಕೊಳ್ಳುವ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಅಂಕದ ಲೆಕ್ಕ

ಪ್ರತಿ ಆಟದ ಗೆಲುವಿಗೆ 1, ಡ್ರಾಗೆ ಅರ್ಧ. ನಾಲ್ಕು ಬೋರ್ಡು ಸೇರಿ ಎರಡಕ್ಕಿಂತ ಹೆಚ್ಚು ಬಂದ ತಂಡಕ್ಕೆ 2 ಪಂದ್ಯ ಅಂಕ, 2–2 ಆದರೆ ತಲಾ 1. ಪಟ್ಟಿಯಲ್ಲಿ ಮೊದಲು ಪಂದ್ಯ ಅಂಕ ನೋಡಿ, ಸಮವಾದರೆ ಆಟದ ಅಂಕ ಕೂಡಿಸಿ. ಈ ಪದ್ಧತಿಯಲ್ಲಿ 2.5–1.5ರ ಗೆಲುವಿಗೂ 4–0 ಗೆಲುವಿಗೂ ಸಿಗುವುದು ಅದೇ ಎರಡಂಕ. ಹಾಗಾಗಿ ಅರ್ಧ ಪಾಯಿಂಟಿನ ಬೆಲೆ ಮಕ್ಕಳಿಗೆ ತಿಳಿದಿರಬೇಕು. ತಂಡ 2–1ರಿಂದ ಮುಂದಿದೆ, ಕೊನೆಯ ಬೋರ್ಡಿನಲ್ಲಿ ಆಟ ಸಮಸಮ ಎಂದಾದರೆ ಅಲ್ಲಿ ಡ್ರಾ ಆದರೂ ಪಂದ್ಯ ನಮ್ಮದೇ. ಆ ಹೊತ್ತಿನಲ್ಲಿ ಶೌರ್ಯ ತೋರಲು ಹೋಗಿ ಕುದುರೆ ಕಳೆದುಕೊಂಡರೆ 2–2. ಡ್ರಾ ಕೇಳುವ ಕ್ರಮವನ್ನೂ ಕಲಿಸಿ: ನಡೆ ನಡೆಸಿ, ‘ಡ್ರಾ?’ ಎಂದು ಒಮ್ಮೆ ಕೇಳಿ, ಗಡಿಯಾರ ಒತ್ತುವುದು. ಎದುರಾಳಿ ಯೋಚಿಸುವಾಗ ಪದೇ ಪದೇ ಕೇಳುವುದು ಕಿರುಕುಳ.

ಪಂದ್ಯದ ದಿನ

ಮುಟ್ಟಿದ ಕಾಯಿ ನಡೆಸಲೇಬೇಕು. ಸರಿಪಡಿಸಲು ಮುಟ್ಟುವುದಿದ್ದರೆ ತನ್ನ ಸರದಿಯಲ್ಲಿ ಮೊದಲೇ ಹೇಳಿ ಮುಟ್ಟಬೇಕು. ನಿಯಮಕ್ಕೆ ವಿರುದ್ಧವಾದ ನಡೆಗೆ ಮೊದಲ ಸಲ ಎದುರಾಳಿಗೆ 2 ನಿಮಿಷ ಹೆಚ್ಚುವರಿ, ಎರಡನೇ ಸಲ ಸೋಲು. ಮೊಬೈಲ್‌ಗಳು, ಪೋಷಕರದ್ದೂ ಸೇರಿ, ಕೊಠಡಿಯ ಹೊರಗೆ. ಇಷ್ಟು ಸಮಯದ ಆಟಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ. ಶಾಲಾ ಲೀಗಿನಲ್ಲಿ ಕಡ್ಡಾಯ ಮಾಡಿ. ಸೋಮವಾರ ಕಲಿಯಲು ಉಳಿಯುವುದು ಆ ಹಾಳೆ ಮಾತ್ರ.

ತೀರ್ಪುಗಾರರ ಕೆಲಸ ಆ ಪಂದ್ಯಕ್ಕೆ ಸಂಬಂಧವಿಲ್ಲದ ಶಾಲೆಯ ಶಿಕ್ಷಕರದ್ದು. ತಂಡದ ನಾಯಕ ಆಟಗಾರನಿಗೆ ‘ಡ್ರಾ ಕೇಳು’, ‘ಡ್ರಾ ಒಪ್ಪಿಕೋ’ ಎಂದು ಹೇಳಬಹುದು. ಬೋರ್ಡಿನ ಮೇಲಿನ ಸ್ಥಿತಿಯ ಬಗ್ಗೆ ಒಂದಕ್ಷರ ಆಡುವಂತಿಲ್ಲ. ಹುಬ್ಬು ಹಾರಿಸಿ ಸೂಚನೆ ಕೊಡುವ ಮೇಷ್ಟ್ರನ್ನೂ ಹೊರಗೆ ಕಳಿಸಿ. ಆಟ ಮುಗಿದ ಕೂಡಲೇ ಇಬ್ಬರೂ ಕೈ ಕುಲುಕಿ, ಫಲಿತಾಂಶದ ಚೀಟಿಗೆ ಸಹಿ ಮಾಡಲಿ. ನಂತರದ ವಾದಕ್ಕೆ ಆ ಸಹಿಯೇ ಉತ್ತರ.

ಸೋಮವಾರದ ಕೆಲಸ

ಸೋತ ಆಟವನ್ನು ಆಡಿದ ಮಗುವೇ ಬೋರ್ಡಿನ ಮೇಲೆ ಮತ್ತೆ ನಡೆಸಿ ತೋರಿಸಲಿ, ಎಲ್ಲಿ ಕೆಟ್ಟಿತೆಂದು ಗೆಳೆಯರು ಹುಡುಕಲಿ. ಕಂಪ್ಯೂಟರಿನ ತೀರ್ಪು ಆಮೇಲೆ. ಲಿಚೆಸ್ ತಾಣ ಪೂರ್ತಿ ಉಚಿತ, ಜಾಹೀರಾತೂ ಇಲ್ಲ; ಶಾಲೆಯಲ್ಲಿ ಒಂದು ಲ್ಯಾಪ್‌ಟಾಪ್ ಇದ್ದರೆ ಆಟವನ್ನು ಅಲ್ಲಿ ನಮೂದಿಸಿ ಪರೀಕ್ಷಿಸಬಹುದು. ಲೀಗ್ ಮುಗಿದ ಮೇಲೆ ರೇಟಿಂಗ್ ಟೂರ್ನಿಗಳಿಗೆ ಹೋಗಬೇಕೆನ್ನುವ ಮಕ್ಕಳು ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ. ಶಾಲೆಗಳ ನಡುವಿನ ಈ ಲೀಗಿಗೆ ಅದರ ಅಗತ್ಯವಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ, ಎಸ್‌ಡಿಎಂಸಿಗೊಂದು ಮಾತು, ಪೋಷಕರ ಅನುಮತಿ ಪತ್ರ ಇಷ್ಟಿದ್ದರೆ ಆಯಿತು.

ಜೂನ್ ಮೊದಲ ವಾರದಲ್ಲೇ ಅಕ್ಕಪಕ್ಕದ ಐದು ಶಾಲೆಗಳಿಗೆ ಪತ್ರ ಬರೆಯಿರಿ. ಕ್ರೀಡಾಕೂಟಗಳ ಸುತ್ತೋಲೆ ಬಂದ ಮೇಲೆ ಯಾವ ದೈಹಿಕ ಶಿಕ್ಷಕರೂ ನಿಮ್ಮ ಕೈಗೆ ಸಿಗುವುದಿಲ್ಲ.