ಮೋಟಾರಿನ ಸರಪಣಿ ಸಡಿಲವಾದಾಗ

ಕೊಡಗಿನ ವಿರಾಜಪೇಟೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿಂದ ಪೆರುಂಬಾಡಿಯನ್ನು ಹಾದು, ಮಾಕುಟ್ಟದ ದಟ್ಟವಾದ ಕಾಡಿನ ನಡುವೆ ಇಳಿಯುವ ಘಟ್ಟದ ದಾರಿ ಕೇರಳದ ಇರಿಟ್ಟಿಯನ್ನು ಸೇರುವುದು. ಇಂಥ ಇಳಿಜಾರಿನಲ್ಲಿ ಕಾರಿನ ಎಂಜಿನ್ ಹಠಾತ್ತಾಗಿ ನಿಂತುಹೋದರೆ ಒದಗುವ ಅಪಾಯ ಸಾಮಾನ್ಯವಾದುದಲ್ಲ. ಅನೇಕ ಕಾರುಗಳಲ್ಲಿ ಬ್ರೇಕಿಗೆ ದೊರೆಯುತ್ತಿದ್ದ ನಿರ್ವಾತದ ನೆರವು ಕೆಲವೇ ಸಲ ಒತ್ತುವಷ್ಟರಲ್ಲಿ ಮುಗಿದುಹೋಗುವುದು. ಹೀಗೆ ಎಂಜಿನ್ ನಿಲ್ಲಲು ಇರುವ ಕಾರಣಗಳಲ್ಲಿ ಒಂದು, ಅದರೊಳಗೆ ಮರೆಯಾಗಿ ದುಡಿಯುವ ಒಂದು ಸರಪಣಿಯ ಸಡಿಲಿಕೆ. ಆದರೆ ಸರಪಣಿ ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಕೆಡುವುದು. ಆ ಸೂಚನೆಯನ್ನು ಅರಿಯುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಸರಪಣಿಯ ಕೆಲಸ

ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಷಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಕವಾಟವೂ ಒಮ್ಮೆ ತೆರೆದು ಮುಚ್ಚಬೇಕು. ಕವಾಟಗಳನ್ನು ತೆರೆಯುವ ಕ್ಯಾಮ್ ಷಾಫ್ಟ್ ಆದ್ದರಿಂದ ಒಂದೇ ಸುತ್ತು ತಿರುಗತಕ್ಕದ್ದು. ಈ ಹೊಂದಾಣಿಕೆಯನ್ನು ಕೆಲವು ಎಂಜಿನ್ನುಗಳಲ್ಲಿ ಹಲ್ಲುಚಕ್ರಗಳೂ ಕೆಲವುಗಳಲ್ಲಿ ರಬ್ಬರಿನ ಪಟ್ಟಿಯೂ ಮಿಕ್ಕವುಗಳಲ್ಲಿ ಉಕ್ಕಿನ ಸರಪಣಿಯೂ ಕಾಪಾಡುವುವು. ಇಂಥ ಸರಪಣಿಗಳಿಗೆ ಮೂಲವಾದ ಉರುಳೆ ಸರಪಣಿಯನ್ನು 1880ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನೋಲ್ಡ್.

ಸೈಕಲ್ಲಿನ ಸರಪಣಿ ಜೋಲಾಡಿದರೆ ನಾವು ಹಿಂದಿನ ಗಾಲಿಯನ್ನು ಹಿಂದಕ್ಕೆಳೆದು ಬಿಗಿಮಾಡುತ್ತೇವೆ. ಎಂಜಿನ್ನಿನಲ್ಲಿ ಎರಡು ಷಾಫ್ಟುಗಳ ನಡುವಣ ದೂರವನ್ನು ಹೀಗೆ ಬದಲಿಸುವಂತಿಲ್ಲ. ಆದಕಾರಣ ಸರಪಣಿಯ ಸಡಿಲವಾದ ಮಗ್ಗುಲಿನಲ್ಲಿ ಟೆನ್ಷನರ್ ಎಂಬ ಬಿಗಿಕಾರಕವನ್ನಿಡುವರು. ಇದರಲ್ಲಿರುವ ಕಿರಿಯ ಕೊಂತವನ್ನು ಸ್ಪ್ರಿಂಗೂ ಎಂಜಿನ್ ಎಣ್ಣೆಯ ಒತ್ತಡವೂ ಕೂಡಿ ಹೊರಕ್ಕೆ ತಳ್ಳುವುವು. ಕೊಂತವು ಪ್ಲಾಸ್ಟಿಕ್ ಹೊದಿಕೆಯುಳ್ಳ ಒಂದು ಹಲಗೆಯನ್ನು ಸರಪಣಿಗೆ ಒತ್ತಿ ಹಿಡಿಯುವುದು. ಒಳಬಂದ ಎಣ್ಣೆ ಹಿಂದಿರುಗದಂತೆ ಒಂದು ಪುಟ್ಟ ಕವಾಟವೂ, ಅನೇಕ ಮಾದರಿಗಳಲ್ಲಿ ಕೊಂತ ಹಿಂಜರಿಯದಂತೆ ತಡೆಯುವ ಹಲ್ಲುಗಳೂ ಉಂಟು.

ಸವೆತದ ಲೆಕ್ಕ

ಸರಪಣಿ ಉದ್ದವಾಗುವುದು ಉಕ್ಕು ಹಿಗ್ಗುವುದರಿಂದಲ್ಲ. ಕೊಂಡಿಗಳ ಕೀಲುಗಳು ಸವೆಯುವುದರಿಂದ. ಒಂದು ಉದಾಹರಣೆಯನ್ನು ನೋಡೋಣ. ಕೊಂಡಿಯ ಅಳತೆ 8 ಮಿಲಿಮೀಟರ್, ಕ್ಯಾಮ್ ಚಕ್ರದ ಹಲ್ಲುಗಳು 36 ಎಂದಿಟ್ಟುಕೊಂಡರೆ ಚಕ್ರದ ಸುತ್ತಳತೆ ಸುಮಾರು 288 ಮಿಲಿಮೀಟರ್. ಒಂದು ಡಿಗ್ರಿಗೆ 0.8 ಮಿಲಿಮೀಟರ್. ಬಿಗಿಯಾದ ಮಗ್ಗುಲಿನ 40 ಕೊಂಡಿಗಳಲ್ಲಿ ಪ್ರತಿಯೊಂದೂ 0.03 ಮಿಲಿಮೀಟರ್ ಸವೆದರೆ ಒಟ್ಟು 1.2 ಮಿಲಿಮೀಟರ್ ಆಯಿತು. ಕ್ಯಾಮ್ ಷಾಫ್ಟ್ 1.5 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 3 ಡಿಗ್ರಿ, ಹಿಂದೆ ಬೀಳುವುದು. ಇದನ್ನು ಬಿಗಿಕಾರಕ ಸರಿಪಡಿಸಲಾರದು; ಅದು ಜೋಲನ್ನು ಮಾತ್ರ ಹೀರಿಕೊಳ್ಳಬಲ್ಲದು. ಜೋಲು ಮಿತಿಮೀರಿ ಸರಪಣಿ ಒಂದು ಹಲ್ಲನ್ನು ಹಾರಿದರಂತೂ ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿಯ ತಪ್ಪು! ಇನ್ನೂ ಕೆಲವು ಹಲ್ಲುಗಳು ಹಾರಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ತೆರೆದ ಕವಾಟಕ್ಕೆ ಬಡಿದು ಅದನ್ನು ಬಗ್ಗಿಸಿಬಿಡುವುದು.

ರೋಗಪರೀಕ್ಷೆ

ಮಳೆಗಾಲದ ತಣ್ಣನೆಯ ಮುಂಜಾನೆ ಎಂಜಿನ್ನನ್ನು ಚಾಲೂ ಮಾಡಿದೊಡನೆ ಕಿವಿಗೊಡಬೇಕು. ರಾತ್ರಿ ಇಳಿದುಹೋದ ಎಣ್ಣೆ ಮತ್ತೆ ಬಿಗಿಕಾರಕವನ್ನು ತುಂಬುವವರೆಗೆ ಕ್ಷಣಕಾಲ ಗಲಗಲ ಸದ್ದು ಕೇಳಬಹುದು. ಅದು ದಿನದಿಂದ ದಿನಕ್ಕೆ ದೀರ್ಘವಾದರೆ, ಇಲ್ಲವೆ ಎಂಜಿನ್ ಬಿಸಿಯಾದ ಮೇಲೂ ಉಳಿದರೆ, ಸವೆತವನ್ನು ಶಂಕಿಸಬೇಕು. ತೇವದ ದಿನಗಳಲ್ಲಿ ಹೊರಗಿನ ರಬ್ಬರ್ ಪಟ್ಟಿ ಕಿರುಚುವುದು ಬೇರೆಯ ಮಾತು. ಅದು ಎಳೆದ ಕೀರಲು ದನಿ, ಇದು ಲೋಹದ ಗಲಗಲ.

ಸದ್ದು ಕೇಳಿದ ಮಾತ್ರಕ್ಕೆ ಎಂಜಿನ್ನನ್ನು ಬಿಚ್ಚಬಾರದು. ಮೊದಲು ಎಣ್ಣೆಯ ಮಟ್ಟವನ್ನೂ ಬಳಿಕ ಅದರ ಒತ್ತಡವನ್ನೂ ಅಳೆಯಬೇಕು. ಒತ್ತಡ ಕಡಿಮೆಯಿದ್ದರೆ ಹೊಸ ಬಿಗಿಕಾರಕವೂ ಸದ್ದು ಮಾಡುವುದು. ಹೊಸ ಕಾರುಗಳಲ್ಲಿ ಗಣಕಯಂತ್ರವು ಎರಡು ಷಾಫ್ಟುಗಳ ಸ್ಥಾನವನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಪಿ 0016 ಎಂಬಂಥ ಸಂಕೇತವನ್ನು ದಾಖಲಿಸುವುದು. ಕೊನೆಗೆ ಮುಚ್ಚಳ ತೆಗೆದು, ಕೊಂತವು ಎಷ್ಟು ಹೊರಚಾಚಿದೆ, ಹಲಗೆಯಲ್ಲಿ ಗೀರು ಬಿದ್ದಿದೆಯೇ ಎಂಬುದನ್ನು ಕೈಪಿಡಿಯ ಅಳತೆಗೆ ಹೋಲಿಸಬೇಕು.

ಬದಲಿಸುವ ಕ್ರಮ

ತಣಿದ ಎಂಜಿನ್ನಿನ ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಒಂದನೆಯ ಪಿಸ್ಟನ್ನನ್ನು ಸಂಕೋಚನ ಹೊಡೆತದ ತುದಿಗೆ ತಂದು, ಗುರುತುಗಳು ಕೂಡಿರುವುದನ್ನು ನೋಡಿ, ಷಾಫ್ಟುಗಳನ್ನು ಕೈಪಿಡಿ ಹೇಳುವ ಸಾಧನಗಳಿಂದ ಬಂಧಿಸಬೇಕು. ಅನಂತರ ಬಿಗಿಕಾರಕವನ್ನು ತೆಗೆಯಬಹುದು. ಅದು ಇಲ್ಲದಿರುವಾಗ ಎಂಜಿನ್ನನ್ನು ತಿರುಗಿಸಲೇಕೂಡದು. ಸರಪಣಿ ಸವೆದಿದ್ದರೆ ಬಿಗಿಕಾರಕವೊಂದನ್ನೇ ಬದಲಿಸುವುದು ವ್ಯರ್ಥ. ಸರಪಣಿ, ಹಲಗೆಗಳು, ಸವೆದ ಚಕ್ರಗಳು ಎಲ್ಲವನ್ನೂ ಹೊಸದಾಗಿ ಹಾಕಬೇಕು. ಹೊಸ ಬಿಗಿಕಾರಕವನ್ನು ಜೋಡಿಸಿದ ಮೇಲೆಯೇ ಅದರ ಬಂಧಕ ಕಡ್ಡಿಯನ್ನು ಎಳೆಯತಕ್ಕದ್ದು.

ಆಮೇಲೆ ಷಾಫ್ಟುಗಳ ಬಂಧನವನ್ನು ಬಿಡಿಸಿ, ಕ್ರ್ಯಾಂಕನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲಿ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ನಡುವೆ ತಡೆ ತೋರಿದರೆ ಬಲ ಹಾಕದೆ ನಿಲ್ಲಿಸಬೇಕು. ಪಿಸ್ಟನ್ ಕವಾಟಕ್ಕೆ ತಾಗಿರಬಹುದು. ಕೈ ಅರಿಯುವ ಈ ತಡೆಯನ್ನು ಸ್ಟಾರ್ಟರ್ ಮೋಟಾರ್ ಅರಿಯದು.

ಎಣ್ಣೆಯೇ ಆಯುಸ್ಸು

ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂಬಂತೆ ಸ್ವಲ್ಪ ದೂರ ಮಾತ್ರ ಓಡುವ ಕಾರಿನ ಎಣ್ಣೆ ಚೆನ್ನಾಗಿ ಬಿಸಿಯಾಗುವುದಿಲ್ಲ. ಅದರಲ್ಲಿ ನೀರಿನ ಅಂಶವೂ ಇಂಧನವೂ ಬೆರೆತು ಕೀಲುಗಳು ಬೇಗ ಸವೆಯುವುವು. ಆದುದರಿಂದ ನಿಯಮಿತ ಕಾಲಕ್ಕೆ ಎಣ್ಣೆ ಬದಲಿಸುವುದೇ ಸರಪಣಿಗೆ ನಾವು ಕೊಡಬಹುದಾದ ಮುಖ್ಯ ರಕ್ಷಣೆ. ಗಲಗಲ ಸದ್ದು ಹೆಚ್ಚುತ್ತಿರುವ ಕಾರನ್ನು ಘಟ್ಟಕ್ಕಿಳಿಸದೆ ಮೊದಲು ಪರೀಕ್ಷೆಗೆ ಒಯ್ಯುವುದೇ ವಿವೇಕ.