ಬತ್ತಿಯ ಬೆಳಕಿನಲ್ಲಿ ಹಾಡುವ ಚಿಕ್ಕ ಮಂಡಳಿ

ಓದತಕ್ಕ ಭಾಗ: ಲೂಕ 2:1–20

ಕಮಲಾಪುರದ ಕಡೆಯ ಹಳ್ಳಿಯವರು ಕ್ರಿಸ್ಮಸ್ ಕಾಲದಲ್ಲಿ ಕಲಬುರಗಿಗೆ ಹೋಗಿ, ಅಭ್ಯಾಸವುಳ್ಳ ಗಾಯಕರು ನಾಲ್ಕು ಸ್ವರಗಳಲ್ಲಿ ಹಾಡುವದನ್ನು ಕೇಳಿದರೆ, “ನಮ್ಮಲ್ಲಿ ವಾದ್ಯವಿಲ್ಲ, ಕಲಿತವರಿಲ್ಲ, ನಾವೇನು ಹಾಡೇವು?” ಎಂದು ನಾಚಿಕೊಳ್ಳುವದುಂಟು. ಈ ನಾಚಿಕೆಯಿಂದ ಸಭೆಗೆ ನಷ್ಟವೇ. ಯಾಕಂದರೆ ನಾಚಿದವನು ಬಾಯಿ ಮುಚ್ಚುವನು, ಅವನ ಮಕ್ಕಳೂ ಹಾಡದೆ ಬೆಳೆಯುವರು. ಆದಕಾರಣ ಇಂಥ ಹಾಡಿಕೆಯು ಎಲ್ಲಿ ಹುಟ್ಟಿತೆಂದು ವಿಚಾರಿಸೋಣ.

ಶಾಂತ ರಾತ್ರಿಯನ್ನು ಕುರಿತ ಪ್ರಸಿದ್ಧ ಜರ್ಮನ್ ಗೀತವನ್ನು 1818ನೇ ಡಿಸೆಂಬರ 24ರಲ್ಲಿ ಆಸ್ಟ್ರಿಯ ದೇಶದ ಓಬರ್ನ್‌ಡೋರ್ಫ್ ಎಂಬ ಊರಿನಲ್ಲಿ ಮೊದಲು ಹಾಡಿದರು. ಪದ್ಯವನ್ನು ಬರೆದ ಯೋಸೆಫ್ ಮೋರ್ ಎಂಬ ಪಾದ್ರಿಯೂ ರಾಗವನ್ನು ಕಟ್ಟಿದ ಫ್ರಾಂಜ್ ಗ್ರೂಬರ್ ಎಂಬ ಶಾಲಾ ಉಪಾಧ್ಯಾಯನೂ ಒಂದು ಗಿಟಾರಿನೊಡನೆ ಅದನ್ನು ಹಾಡಿದರು. ಒಂಭತ್ತು ವಾಚನಗಳ ನಡುವೆ ಗೀತಗಳನ್ನು ಹಾಡುವ ಕ್ರಮವನ್ನಾದರೋ 1880ರಲ್ಲಿ ಇಂಗ್ಲೆಂಡಿನ ಟ್ರೂರೋ ಪಟ್ಟಣದಲ್ಲಿ ಬಿಷಪ್ ಬೆನ್ಸನ್ ಎಂಬವರು ಏರ್ಪಡಿಸಿದರು. ಆಗ ಅಲ್ಲಿನ ದೊಡ್ಡ ದೇವಾಲಯವು ಇನ್ನೂ ಕಟ್ಟಲ್ಪಡುತ್ತಿದ್ದದರಿಂದ, ಸಭೆಯು ಕೂಡಿದ್ದು ಮರದ ಕೊಟ್ಟಿಗೆಯಂಥ ಕಟ್ಟಡದಲ್ಲಿ. ಮೊದಲನೆಯ ವಾಚನವನ್ನು ಹಾಡುವ ಹುಡುಗನೂ ಕಡೆಯದನ್ನು ಬಿಷಪ್ಪನೂ ಓದಿದರು. ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನಲ್ಲಿ ಈ ಕ್ರಮವು ಆರಂಭವಾದದ್ದು 1918ರಲ್ಲಿ. 1928ರಿಂದ ರೇಡಿಯೋ ಅದನ್ನು ದೂರದವರಿಗೆ ಕೇಳಿಸಿತು. ಕ್ರಿಸ್ತಜನನದ ಆರಾಧನೆಯಲ್ಲಿ ಮಕ್ಕಳ ಕೈಗೆ ಉರಿಯುವ ಬತ್ತಿಯನ್ನು ಕೊಡುವ ಪದ್ಧತಿಯು ಇನ್ನೂ ಹಳೆಯದು. ಮೊರಾವಿಯನ್ ಸಭೆಯವರು 1747ರಲ್ಲಿಯೇ ಹಾಗೆ ಮಾಡಿದ್ದರು.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ನಮ್ಮ ಸೀಮೆಯ ಭಜನೆಯಲ್ಲಿ ಒಬ್ಬನು ಹೇಳಲು ಉಳಿದವರು ಅದೇ ರಾಗವನ್ನು ತಿರುಗಿ ಹೇಳುತ್ತಾರೆ. ನಾಲ್ಕು ಸ್ವರದ ಹಾಡಿಕೆಯಲ್ಲಿ ಸೊಪ್ರಾನೊ, ಆಲ್ಟೊ ಎಂಬ ಸ್ತ್ರೀಯರ ಸ್ವರಗಳೂ ಟೆನರ್, ಬಾಸ್ ಎಂಬ ಪುರುಷರ ಸ್ವರಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದಾಗಿ ಕೂಡುತ್ತವೆ. ಸ್ವರಕ್ಕೆ 3 ಮಂದಿಯಂತೆ 12 ಮಂದಿ ಸಾಕು. ಮೊದಲು ಎಲ್ಲರೂ ಒಂದೇ ರಾಗವನ್ನು ಗಟ್ಟಿಮಾಡಿಕೊಳ್ಳಲಿ. ಆ ಮೇಲೆ ಎರಡನೆಯ ಸ್ವರವನ್ನು ಸೇರಿಸಲಿ. ನೆರೆಯವನ ಸ್ವರವು ನಿನಗೆ ಕೇಳಿಸದಿದ್ದರೆ ನಿನ್ನ ಸ್ವರವೇ ಹೆಚ್ಚಾಯಿತೆಂದು ತಿಳಿ.

ಬತ್ತಿಯ ಬೆಳಕಿನಲ್ಲಿ ಪುಸ್ತಕವನ್ನು ಓದುವದು ಕಷ್ಟ. ಆದದರಿಂದ ಪದಗಳನ್ನು ಬಾಯಿಪಾಠ ಮಾಡತಕ್ಕದ್ದು. ಇದರಲ್ಲಿ ದೊಡ್ಡ ಲಾಭವುಂಟು: ಅಕ್ಷರ ಬಾರದ ಅಜ್ಜಿಯೂ ಕಾಲೇಜಿಗೆ ಹೋಗುವ ಮೊಮ್ಮಗಳೂ ಆಗ ಸರಿಸಮಾನರು. ಬತ್ತಿಯನ್ನು ಹೊತ್ತಿಸುವಾಗ ಉರಿಯುವದನ್ನು ನೆಟ್ಟಗೆ ಹಿಡಿದು, ಉರಿಯದ್ದನ್ನೇ ಓರೆಮಾಡಬೇಕು. ಹಾಗಾದರೆ ಬಿಸಿ ಮೇಣವು ಕೈಮೇಲೆ ಸುರಿಯದು. ಸೆರಗುಗಳನ್ನು ಬಿಗಿದುಕೊಂಡು, ಚಿಕ್ಕ ಮಕ್ಕಳ ಬಳಿಯಲ್ಲಿ ದೊಡ್ಡವರು ನಿಂತು, ಒಂದು ಕೊಡ ನೀರನ್ನು ಹತ್ತಿರ ಇಟ್ಟುಕೊಳ್ಳಲಿ.

ಒಂದು ಬತ್ತಿಯು ಮತ್ತೊಂದನ್ನು ಹೊತ್ತಿಸಿದರೆ ತಾನು ಕುಂದುವದಿಲ್ಲ. ಪಟ್ಟಣದ ಹಾಡಿಕೆಯನ್ನು ಕೇಳಿ ಬಂದವರು ನಾಚಿಕೆಯನ್ನಲ್ಲ, ಒಂದು ರಾಗವನ್ನು ಊರಿಗೆ ತರಲಿ.

ಪ್ರಶ್ನೆಗಳು

1. ಟ್ರೂರೋವಿನಲ್ಲಿ ಮೊದಲನೆಯ ವಾಚನವನ್ನು ಯಾರು ಓದಿದರು? ನಮ್ಮ ಸಭೆಯಲ್ಲಿ ಯಾರಿಂದ ಓದಿಸೋಣ?
2. ದೂತರ ಸ್ತೋತ್ರವನ್ನು ಮೊದಲು ಕೇಳಿದವರು ಎಂಥ ಕೆಲಸದವರು?
3. ನಮ್ಮಲ್ಲಿ ಹಾಡದೆ ಸುಮ್ಮನಿರುವವರು ಯಾರು? ಅವರನ್ನು ಕರೆಯುವದು ಹೇಗೆ?