ಇಂದಿನ ಚಿಂತನೆ: ಮಂಜುಗಡ್ಡೆಯ ಕೆಳಗಿನ ಮೀನು ಮತ್ತು ಮೊದಲ ಶೀಲ

 

ಕಳೆದ ಭಾನುವಾರದ ಓದಿನಲ್ಲಿ ಪಾಣಾತಿಪಾತದ ಮಾತು ಬಂದಾಗ ನಮ್ಮಲ್ಲೊಬ್ಬರು ಕೇಳಿದ್ದರು: ಗಾಳ ಹಾಕಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟರೆ ಶೀಲ ಮುರಿಯುತ್ತದೆಯೇ? ಅವತ್ತು ಫೋನಿನಲ್ಲಿ ದನಿ ಕಡಿದು ಕಡಿದು ಬರುತ್ತಿತ್ತು, ಚರ್ಚೆ ಮುಂದುವರಿಯಲಿಲ್ಲ. ಆರನೇ ದಿನಕ್ಕೆ ಆ ಪ್ರಶ್ನೆ ನನ್ನ ಕಣ್ಣೆದುರಿಗೇ ಬಂದು ಕೂತಿತು.

ಮೊದಲು ಪಾಠ. ಪ್ರಾಣಹತ್ಯೆ ಪೂರ್ಣವಾಗಲು ಐದು ಅಂಗಗಳು ಬೇಕೆಂದು ಅಟ್ಠಕಥೆಗಳು ಹೇಳುತ್ತವೆ. ಜೀವ ಇರಬೇಕು, ಅದು ಜೀವವೆಂಬ ಅರಿವಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದ ಸಾವು ಆಗಬೇಕು. ಹಿಡಿದು ಬಿಟ್ಟುಬಿಡುತ್ತೇನೆ ಎಂದುಕೊಂಡವನಲ್ಲಿ ಮೂರನೆಯದು ಇಲ್ಲ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ.

ನಾನೀಗ ಅಮೆರಿಕದ ಐಡಾಹೊ ರಾಜ್ಯದ ಬೋಯಿಸಿಯಲ್ಲಿ, ಮಗಳ ಮನೆಯಲ್ಲಿದ್ದೇನೆ. ಇಲ್ಲಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ಬೆಟ್ಟದ ದಾರಿ ಹಿಡಿದರೆ ಕ್ಯಾಸ್ಕೇಡ್ ಸರೋವರ. ಸಮುದ್ರಮಟ್ಟದಿಂದ ಸುಮಾರು 4,800 ಅಡಿ ಎತ್ತರ. ಸರೋವರ ಅಂದರೂ 1948ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಅದು. ಚಳಿಗಾಲದಲ್ಲಿ ಮೇಲೆಲ್ಲ ಹೆಪ್ಪುಗಟ್ಟುತ್ತದೆ. ತಿಳಿಯಾದ ಗಟ್ಟಿ ಮಂಜುಗಡ್ಡೆ ನಾಲ್ಕು ಅಂಗುಲ ಇದ್ದರೆ ಮನುಷ್ಯ ನಡೆಯಬಹುದು ಅನ್ನುತ್ತಾರೆ. ನಾವು ಹೋದ ದಿನ ಅದು ಒಂದು ಅಡಿ ದಾಟಿತ್ತು. ಅಳಿಯ, ಹತ್ತು ವರ್ಷದ ಮೊಮ್ಮಗ, ಕರೆದುಕೊಂಡು ಹೋದ ಪಕ್ಕದ ಮನೆಯ ಹಿರಿಯರು, ಮತ್ತೆ ನಾನು. ಗಾಳ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಯಾರೂ ಬಲವಂತ ಮಾಡಲಿಲ್ಲ, ಕೂರಲು ಕುರ್ಚಿ ಕೊಟ್ಟರು.

ಇಲ್ಲಿಗೆ ಜನ ಬರುವುದು ಹಳದಿ ಪರ್ಚ್ ಮೀನಿಗೆ. ಹೊಂಬಣ್ಣದ ಮೈ, ಮೇಲಿನಿಂದ ಕೆಳಕ್ಕೆ ಕಡುಹಸಿರು ಪಟ್ಟೆ, ಹೊಟ್ಟೆಯಡಿ ಕಿತ್ತಳೆ ಬಣ್ಣದ ರೆಕ್ಕೆ, ಬೆನ್ನಿನ ಮೇಲೆ ಚುಚ್ಚುವ ಮುಳ್ಳು. ಈ ನೀರಿನಲ್ಲಿ ಒಂದೊಂದು ಕಿಲೋ ದಾಟುವುದೂ ಉಂಟು. ಇದು ಈ ಸೀಮೆಯ ಮೀನಲ್ಲ, ಖಂಡದ ಪೂರ್ವಭಾಗದ್ದು. ಮನುಷ್ಯರು ತಂದು ಬಿಟ್ಟದ್ದು. ನಡುವೆ ಸಂತತಿ ಕುಸಿದಾಗ ರಾಜ್ಯದ ಮೀನು ಇಲಾಖೆ ಬೇರೆ ಕೆರೆಗಳಿಂದ ಹಿಡಿದು ತಂದು ಮತ್ತೆ ತುಂಬಿಸಿತು. ಹಿಡಿಯುವುದಕ್ಕೆಂದೇ ಸಾಕುವ ಅಕ್ಕರೆ!

ದೊಡ್ಡ ಬೈರಿಗೆಯಂಥ ಯಂತ್ರದಿಂದ ಮಂಜುಗಡ್ಡೆಯಲ್ಲಿ ತೂತು ಕೊರೆದರು. ಪಕ್ಕದಲ್ಲೊಂದು ಪುಟ್ಟ ಪರದೆ. ನೀರಿಗೆ ಶಬ್ದ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ತಳ ಎಲ್ಲಿ, ಮೀನು ಎಲ್ಲಿ ಎಂದು ತೋರಿಸುವ ಸಲಕರಣೆ ಅದು. ಆಳ ಮೂವತ್ತಮೂರು ಅಡಿ ಇತ್ತು. ತಳದ ದಪ್ಪ ಗೆರೆಯಿಂದ ಒಂದು ಸಣ್ಣ ಗೆರೆ ಬಿಡಿಸಿಕೊಂಡು ಮೇಲೆದ್ದರೆ ಅದೇ ಮೀನು. ಮೊಮ್ಮಗ ವಿಡಿಯೊ ಗೇಮ್ ಆಡುವಾಗ ಕೂರುವ ಹಾಗೆಯೇ ಕಣ್ಣು ಕೀಲಿಸಿ ಕೂತಿದ್ದ. ಎರಡನೆಯ ಅಂಗವನ್ನು ಇಲ್ಲಿ ನೆನೆಯಿರಿ, ಜೀವವೆಂಬ ಅರಿವು. ಪರದೆಯ ಮೇಲೆ ಇದ್ದದ್ದು ಒಂದು ಗೆರೆ.

ಗೆರೆ ಗಾಳ ಕಚ್ಚಿತು. ಅವನು ಸರಸರ ದಾರ ಸುತ್ತಿದ, ಒಂದು ನಿಮಿಷವೂ ಹಿಡಿಯಲಿಲ್ಲ. ಮಂಜಿನ ಮೇಲೆ ಬಿದ್ದದ್ದು ನನ್ನ ಅಂಗೈಯಷ್ಟು ಉದ್ದದ ಮೀನು. ಬಾಯಿಯೊಳಗಿಂದ ಗುಲಾಬಿ ಬಣ್ಣದ್ದೇನೋ ಗುಳ್ಳೆಯ ಹಾಗೆ ಹೊರಗೆ ಉಬ್ಬಿತ್ತು. ಅವನು ನನ್ನ ಮುಖ ನೋಡಿದ.

"ಅಜ್ಜಿ, ಚಿಕ್ಕದು ಇದು. ಬಿಟ್ಟುಬಿಡಲಾ?"

ಪಕ್ಕದ ಮನೆಯವರು ತಲೆಯಾಡಿಸಿದರು, ಇದು ಇನ್ನು ಕೆಳಗಿಳಿಯುವುದಿಲ್ಲ ಎಂದು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಕಾರಣ ತಿಳಿಯಿತು. ಮೀನಿನ ಹೊಟ್ಟೆಯಲ್ಲಿ ತೇಲಲು ಗಾಳಿಚೀಲವಿದೆ. ಅಷ್ಟು ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಇಮ್ಮಡಿ. ಮೇಲೆ ಎಳೆದಂತೆ ಒತ್ತಡ ಇಳಿಯುತ್ತದೆ, ಚೀಲದ ಗಾಳಿ ಹಿಗ್ಗುತ್ತದೆ. ಟ್ರೌಟ್‌ನಂಥ ಮೀನಿಗೆ ಚೀಲದಿಂದ ಗಂಟಲಿಗೆ ನಾಳವಿದೆ, ತೇಗಿ ಹೊರಹಾಕುತ್ತದೆ. ಬೆಳೆದ ಪರ್ಚ್‌ಗೆ ಆ ದಾರಿ ಇಲ್ಲ; ಗಾಳಿ ನಿಧಾನವಾಗಿ ರಕ್ತದಲ್ಲಿ ಕರಗಿಯೇ ಹೋಗಬೇಕು. ಅಷ್ಟರೊಳಗೆ ಉಬ್ಬಿದ ಚೀಲ ಜಠರವನ್ನೇ ಬಾಯಿಗೆ ತಳ್ಳಿರುತ್ತದೆ. ನೀರಿಗೆ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತದೆ.

"ಬಿಟ್ಟರೂ ಬದುಕೋದು ಕಷ್ಟ ಮಗಾ" ಅಂದೆ.

"ಹಾಗಾದ್ರೆ ಏನ್ ಮಾಡ್ಲಿ?"

ಬಿಡು ಅಂದರೆ ಅವನಿಗೆ ಸಮಾಧಾನ, ಮೀನಿಗೆ ನಿಧಾನದ ಸಾವು. ಕೊಲ್ಲು ಅಂದರೆ ಅದು ಆಜ್ಞೆ. ಆಜ್ಞೆ ಕೊಟ್ಟು ಬೇರೆಯವರ ಕೈಯಿಂದ ಮಾಡಿಸಿದರೂ ಪ್ರಯತ್ನವೇ ಎಂದು ಅಟ್ಠಕಥೆ ಸ್ಪಷ್ಟವಾಗಿ ಹೇಳಿದೆ. ನಾನು ಏನೂ ಹೇಳಲಿಲ್ಲ. ಹಿರಿಯರು ಮೀನನ್ನು ತಗೊಂಡು ತಲೆಗೆ ಒಂದೇ ಏಟು ಹಾಕಿ ಮುಗಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಲ್ಲಿದ್ದವರಲ್ಲಿ ಅದರ ನೋವನ್ನು ಬೇಗ ನಿಲ್ಲಿಸಿದವರು ಅವರೇ.

ಪ್ರಶ್ನೆ ಕೇಳಿದ ಬಂಧುಗಳಿಗೆ ನನ್ನ ಅಭಿಪ್ರಾಯ ಇಷ್ಟು. ಮೀನು ಕೈಗೆ ಬಂದ ಮೇಲೆ ಶೀಲದ ಲೆಕ್ಕ ಹಾಕಲು ಕೂತರೆ ಒಳ್ಳೆಯ ದಾರಿ ಒಂದೂ ಉಳಿದಿರುವುದಿಲ್ಲ. ದಾರ ಇಳಿಸುವ ಮೊದಲು ಎಲ್ಲ ದಾರಿಯೂ ತೆರೆದಿತ್ತು. ಆಳದಿಂದ ಎಳೆದರೆ ಏನಾಗುತ್ತದೆ ಎಂದು ತಿಳಿದ ಮೇಲೂ 'ಬಿಡುತ್ತೇನಲ್ಲ' ಎಂದು ಗಾಳ ಹಾಕುವವನ ಮನಸ್ಸು ಮೊದಲಿನಷ್ಟು ಹಗುರವಾಗಿರಲಾರದು. (ನಮ್ಮಲ್ಲಿ ಕರಾವಳಿಯವರಿದ್ದೀರಿ, ದಯವಿಟ್ಟು ಮೈಮೇಲೆ ಹಾಕಿಕೊಳ್ಳಬೇಡಿ. ಊಟದ ಪ್ರಶ್ನೆ ಬೇರೆ, ಜೀವಕ ಸುತ್ತ ಓದುವಾಗ ನೋಡೋಣ.)

ಮರಳಿ ಬರುವಾಗ ಕಾರಿನಲ್ಲಿ ಮೊಮ್ಮಗ ಮಾತಾಡಲಿಲ್ಲ. ಉಪದೇಶ ಬೇಡ ಅನಿಸಿ, ಉದಾನದಲ್ಲಿ ಬರುವ ಕುಮಾರಕ ಸುತ್ತದ ಕಥೆ ಹೇಳಿದೆ. ಸಾವತ್ಥಿಗೂ ಜೇತವನಕ್ಕೂ ನಡುವೆ ಹುಡುಗರು ಮೀನುಗಳನ್ನು ಹಿಂಸಿಸುತ್ತಿದ್ದರು. ಭಗವಾನರು ಗದರಲಿಲ್ಲ, ಮೀನು ಕಿತ್ತುಕೊಳ್ಳಲೂ ಇಲ್ಲ. ಹತ್ತಿರ ಹೋಗಿ, ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಇಷ್ಟವಿಲ್ಲವೇ ಎಂದು ಕೇಳಿದರು. ಹುಡುಗರು ಹೌದೆಂದರು.

ಬರುವ ಶನಿವಾರ ಪಕ್ಕದ ಮನೆಯವರು ಮತ್ತೆ ಹೊರಟಿದ್ದಾರೆ. ನಿನ್ನೆ ರಾತ್ರಿ ಮೊಮ್ಮಗ ಬಂದು ಕೇಳಿದ: "ಅಜ್ಜಿ, ನಾನು ದಾರ ಬಿಡಲ್ಲ. ಬರೀ ಪರದೆ ನೋಡಿ ಮೀನು ಎಲ್ಲಿದೆ ಅಂತ ಹೇಳ್ತೀನಿ. ಅದು ಆಗಬಹುದಾ?"

ಭಾನುವಾರದ ಓದಿಗೆ ಈ ಪ್ರಶ್ನೆಯನ್ನೇ ಇಟ್ಟುಕೊಳ್ಳೋಣ. ಐದು ಅಂಗಗಳನ್ನು ಒಮ್ಮೆ ಓದಿಕೊಂಡು ಬನ್ನಿ.